ಬೆಳೆಯಲಿಲ್ಲ ಎಂದು ಬರೆಯುತ್ತಿದ್ದ ಪ್ಲೇಟಕ್ಕ

ಅವರ ನಿಜವಾದ ಹೆಸರು ನಮ್ಮ ಲ್ಯಾಬಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಪ್ಲೇಟಕ್ಕ. ಮಕ್ಕಳ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಉದ್ದನೆಯ ಕಾರಿಡಾರಿನ ತುದಿಗಿದ್ದ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಅವರು ಪ್ಲೇಟುಗಳ ಮೇಲೆ ರೋಗಾಣು ಬೆಳೆಸಿದರು. ಊಟದ ತಟ್ಟೆಯಲ್ಲ, ಅಂಗೈಯಗಲದ, ಮುಚ್ಚಳವಿರುವ ಚಪ್ಪಟೆ ಪ್ಲೇಟು. ಮಗುವಿನ ಮೂಗಿನ ಆಳಕ್ಕೆ ಇಳಿಸಿ ತೆಗೆದ ಸಣ್ಣ ಕಡ್ಡಿಯನ್ನು ಅದರ ಮೇಲೆ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಏನಾದರೂ ಬೆಳೆದರೆ ಮಗುವಿನ ಮೂಗಿನಲ್ಲಿ ಅದು ಇತ್ತೆಂದು ಅರ್ಥ.

ಬೆಳೆಯದಿದ್ದರೆ ಏನು ಬರೆಯಬೇಕು ಎನ್ನುವುದರಲ್ಲೇ ಅವರಿಗೂ ಲೋಕಕ್ಕೂ ಜಗಳ. ಬೇರೆ ಲ್ಯಾಬಿನವರು ಫಲಿತಾಂಶದ ಜಾಗದಲ್ಲಿ ‘ಇಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಪ್ಲೇಟಕ್ಕ ಮಾತ್ರ, ಗುಂಡಗಿನ ಅಕ್ಷರದಲ್ಲಿ, ‘ಬೆಳೆಯಲಿಲ್ಲ’ ಎಂದು ಬರೆಯುತ್ತಿದ್ದರು. ಒಮ್ಮೆ ಒಬ್ಬ ಲಾರಿ ಡ್ರೈವರ್ ಆ ರಿಪೋರ್ಟ್ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತು ಕೂಗಾಡಿದ.

“ನನ್ನ ಮಗಳು ಬೆಳೀಲಿಲ್ಲ ಅಂತ ಬರೆಯೋಕೆ ನೀವ್ಯಾರ್ರೀ? ಹೋದ ವರ್ಷದ ಫ್ರಾಕು ಈ ವರ್ಷ ಮೊಣಕಾಲು ಮುಟ್ತಾ ಇಲ್ಲ, ನೋಡಿ ಬೇಕಾದ್ರೆ.”

ಪ್ಲೇಟಕ್ಕ ಗ್ಲೌಸ್ ಬಿಚ್ಚಿ ಎದ್ದು ಬಂದರು. “ನಿಮ್ಮ ಮಗಳು ಚೆನ್ನಾಗಿ ಬೆಳೀಲಿ ಅಪ್ಪ. ಬೆಳೀದೇ ಇದ್ದದ್ದು ನಾಯಿಕೆಮ್ಮಿನ ಹುಳ.”

ಆ ಮನುಷ್ಯ ತಲೆ ಕೆರೆದುಕೊಂಡ. “ಹಾಗಾದ್ರೆ ಇಲ್ಲ ಅಂತಲೇ ಬರೀಬಹುದಲ್ಲ ಅಮ್ಮಾ?”

“ಇಲ್ಲ ಅನ್ನೋಕೆ ನಾನು ಅವಳ ಮೂಗಿನೊಳಗೆ ಹೋಗಿ ನೋಡಿ ಬಂದಿದೀನಾ? ನನ್ನ ಪ್ಲೇಟಲ್ಲಿ ಬೆಳೀಲಿಲ್ಲ. ಅಷ್ಟೇ ನನಗೆ ಗೊತ್ತಿರೋದು. ಕೆಮ್ಮು ಜಾಸ್ತಿ ಆದ್ರೆ ಈ ಕಾಗದ ನಂಬಿಕೊಂಡು ಕೂತ್ಕೋಬೇಡಿ, ಸೀದಾ ವಾಪಸ್ ಕರ್ಕೊಂಡು ಬನ್ನಿ.”

ಈ ಕಥೆಯನ್ನು ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು. ನನಗೂ ಮೊದಲ ದಿನವೇ ಹೇಳಿದರು. ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಆ ಕಥೆಯನ್ನು ನಾನು ಯಾರಿಗೂ ಹೇಳುವುದಿಲ್ಲ.

ನಾಯಿಕೆಮ್ಮಿನ ವಿಷಯದಲ್ಲಿ ಅವರು ಎತ್ತಿದ ಕೈ. ಆ ರೋಗಾಣು ಮಹಾ ಕೊಸರಾಟದ ಪ್ರಾಣಿ. ಅದಕ್ಕೆ ಇದ್ದಿಲು ಬೆರೆಸಿದ ಕಪ್ಪು ಪ್ಲೇಟೇ ಆಗಬೇಕು, ಹಸಿ ಆರಬಾರದು, ಕಡ್ಡಿ ತಡವಾಗಿ ತಲುಪಬಾರದು. ಅಷ್ಟೆಲ್ಲ ಉಪಚಾರ ಮಾಡಿದರೂ ಏಳು ದಿನ ಕಾಯಿಸುತ್ತದೆ. ಆ ಏಳು ದಿನವೂ ಪ್ಲೇಟಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಬೆಳಿಗ್ಗೆ ಬಂದವರೇ ಮೇಜಿನ ದೀಪವನ್ನು ಓರೆ ಮಾಡಿ, ಪ್ಲೇಟನ್ನು ಅದರ ಕೆಳಗೆ ವಾಲಿಸಿ, ಭೂತಗನ್ನಡಿ ಹಿಡಿಯುತ್ತಿದ್ದರು. ಬೆಳೆದಿದ್ದರೆ ಕಪ್ಪಿನ ಮೇಲೆ ಪಾದರಸದ ಹನಿಯಂಥ ಸಣ್ಣ ಹೊಳಪು ಕಾಣುತ್ತದೆ. ನನ್ನ ಕಣ್ಣಿಗೆ ಅದು ಮೂರು ತಿಂಗಳು ಕಾಣಿಸಲೇ ಇಲ್ಲ.

“ನಿನಗೆ ಕಣ್ಣಿರೋದು ಕಾಡಿಗೆ ಹಚ್ಚೋಕೆ ಮಾತ್ರ,” ಎನ್ನುತ್ತಿದ್ದರು.

ನಾನು ಆ ಲ್ಯಾಬಿಗೆ ಬಂದದ್ದು ಯಂತ್ರದ ಜೊತೆಗೆ. ಒಂದೇ ವಾರದಲ್ಲಿ ಮೊದಲು ಅದು ಬಂತು, ಆಮೇಲೆ ಅದನ್ನು ನಡೆಸಲು ಗುತ್ತಿಗೆಯ ಮೇಲೆ ನಾನು ಬಂದೆ. ಹಾಗಾಗಿ ಪ್ಲೇಟಕ್ಕ ನನಗೆ ಮಿಷಿನಮ್ಮ ಎಂದು ಹೆಸರಿಟ್ಟರು. ಯಂತ್ರಕ್ಕೆ ರೋಗಾಣು ಬೆಳೆಯಬೇಕಾಗಿಲ್ಲ. ಕಡ್ಡಿಯಲ್ಲಿ ಅದರ ಚೂರುಪಾರು ಅಂಟಿದ್ದರೂ ಸಾಕು, ಆ ಚೂರನ್ನೇ ಮತ್ತೆ ಮತ್ತೆ ಇಮ್ಮಡಿ ಮಾಡಿ, ಅರ್ಧ ದಿನದೊಳಗೆ ಪರದೆಯ ಮೇಲೆ ಗೆರೆ ಏರಿಸಿ ತೋರಿಸುತ್ತದೆ. ಗೆರೆ ಏರಿದರೆ ಇದೆ, ನೆಲಕ್ಕೆ ಅಂಟಿಕೊಂಡೇ ಹೋದರೆ ಸಿಗಲಿಲ್ಲ.

ಯಾವುದನ್ನು ನಂಬುವುದು ಎಂದು ತೀರ್ಮಾನಿಸಲು ಲ್ಯಾಬಿನ ದೊಡ್ಡ ಡಾಕ್ಟರು ಒಂದು ವರ್ಷದ ಹೋಲಿಕೆ ಶುರು ಮಾಡಿದರು. ಕೆಮ್ಮಿಕೊಂಡು ಬಂದ ಪ್ರತಿ ಮಗುವಿನ ಮೂಗಿನಿಂದ ಎರಡು ಕಡ್ಡಿ. ಒಂದು ಪ್ಲೇಟಕ್ಕನಿಗೆ, ಒಂದು ನನಗೆ. ಹೆಸರಿಲ್ಲ, ಬರೀ ನಂಬರ್. ಅವರ ಫಲಿತಾಂಶ ನಾನು ನೋಡುವಂತಿಲ್ಲ, ನನ್ನದು ಅವರು ನೋಡುವಂತಿಲ್ಲ. ಶುಕ್ರವಾರ ಮಧ್ಯಾಹ್ನ ದೊಡ್ಡ ಡಾಕ್ಟರು ಎರಡೂ ರಿಜಿಸ್ಟರ್ ತೆರೆದು ತಾಳೆ ನೋಡುತ್ತಿದ್ದರು.

ಆರು ತಿಂಗಳಲ್ಲಿ ಯಂತ್ರ ಹಿಡಿದದ್ದು ಇಪ್ಪತ್ತೆರಡು ಮಕ್ಕಳನ್ನು. ಅದರಲ್ಲಿ ಪ್ಲೇಟಿನಲ್ಲಿ ಬೆಳೆದದ್ದು ಒಂಬತ್ತು. ಪ್ಲೇಟಿನಲ್ಲಿ ಬೆಳೆದು ಯಂತ್ರಕ್ಕೆ ತಪ್ಪಿದ್ದು ಒಂದೂ ಇಲ್ಲ. ಪ್ಲೇಟಕ್ಕ ಸೋಲೊಪ್ಪುವ ಜಾತಿಯಲ್ಲ.

“ನಿನ್ನ ಮಿಷಿನ್ನು ಸತ್ತ ಹುಳಾನೂ ಎಣಿಸುತ್ತೆ ಕಣೇ. ಕಾಯಿಲೆ ವಾಸಿಯಾಗಿ ತಿಂಗಳಾಗಿರೋ ಮಗೂಗೂ ಇದೆ ಅನ್ನುತ್ತೆ. ನನ್ನ ಪ್ಲೇಟು ಜೀವ ಇರೋದನ್ನ ಮಾತ್ರ ಹೇಳೋದು. ಯಾವ ಔಷಧಿಗೆ ಸಾಯುತ್ತೆ ಅಂತಲೂ ಹೇಳುತ್ತೆ. ನಿಂದು ಹೇಳುತ್ತಾ?”

ಹೇಳುವುದಿಲ್ಲ, ನಿಜ. ಆದರೆ ಪ್ಲೇಟಿನ ಹುಳುಕನ್ನೂ ನನಗೆ ಕಲಿಸಿದ್ದು ಅವರೇ. ಮಧ್ಯಾಹ್ನದ ಊಟದ ಹೊತ್ತಿಗೆ, ಡಬ್ಬಿ ಮುಚ್ಚಳದ ಮೇಲೆ ಚಮಚದಿಂದ ಗೆರೆ ಎಳೆದು ತೋರಿಸಿದ್ದರು. ಕೆಮ್ಮು ಶುರುವಾದ ಮೊದಲ ವಾರ ಪ್ಲೇಟಿನಲ್ಲಿ ಬೆಳೆಯುವ ಸಾಧ್ಯತೆ ಇಷ್ಟು ಎತ್ತರ. ಎರಡನೆಯ ವಾರ ಇಷ್ಟಕ್ಕೆ ಇಳಿಯುತ್ತದೆ. ಮೂರನೆಯದರಲ್ಲಿ ನೆಲ.

“ಅದರಲ್ಲೂ ದೊಡ್ಡೋರದ್ದು ಪ್ಲೇಟಲ್ಲಿ ಬೆಳೆಯೋದು ಹತ್ತರಲ್ಲಿ ಒಂದು. ಅವರಿಗೆ ಅದು ಬರೀ ಹಟಮಾರಿ ಕೆಮ್ಮು. ತಿಂಗಳುಗಟ್ಟಲೆ ಕೆಮ್ತಾ ಓಡಾಡ್ತಾರೆ, ಎಳೇ ಮಕ್ಕಳಿಗೆ ಹಚ್ಚಿ ಬರ್ತಾರೆ. ಅದಕ್ಕೇ ಹೇಳೋದು, ಬೆಳೀಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಹಣೇಲಿ ಬರ್ಕೋ.”

ನಾನು ಬರೆದುಕೊಂಡೆ, ಹಣೆಯಲ್ಲಲ್ಲ, ನೋಟ್‌ಬುಕ್ಕಿನಲ್ಲಿ. ಆ ಹಾಳೆ ಇನ್ನೂ ಇದೆ.

ಪ್ಲೇಟಕ್ಕನ ಮನೆಯ ವಿಷಯವನ್ನೂ ಹೇಳಬೇಕು. ಅವರು ಮದುವೆಯಾಗಲಿಲ್ಲ. ತಂಗಿ ತೀರಿಕೊಂಡಾಗ ಅವಳ ಮಗಳಿಗೆ ನಾಲ್ಕು ವರ್ಷ. ತಂದೆ ಇನ್ನೊಂದು ಸಂಸಾರ ಕಟ್ಟಿಕೊಂಡ. ಮಗುವನ್ನು ಪ್ಲೇಟಕ್ಕ ತಂದು ಸಾಕಿದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದನೇ ಮಹಡಿಯ ಎರಡು ಕೋಣೆಯ ಮನೆ. ಆ ಹುಡುಗಿ ಶಾಲೆ ಬಿಟ್ಟಮೇಲೆ ಲ್ಯಾಬಿಗೇ ಬಂದು, ಹೊರಗಿನ ಬೆಂಚಿನ ಮೇಲೆ ಹೋಂವರ್ಕ್ ಮಾಡಿ ಬೆಳೆದವಳು. ‘ದೊಡ್ಡಮ್ಮ’ ಎಂದು ಅವಳು ಕಾರಿಡಾರಿನ ಆ ತುದಿಯಿಂದ ಕರೆದರೆ ಈ ತುದಿಯಲ್ಲಿ ಪ್ಲೇಟಕ್ಕನ ಮುಖ ಅರಳುತ್ತಿತ್ತಂತೆ. ನಾನು ಕಂಡಾಗ ಅವಳು ಮದುವೆಯಾಗಿ, ತುಂಬು ಗರ್ಭಿಣಿಯಾಗಿ, ಹೆರಿಗೆಗೆ ದೊಡ್ಡಮ್ಮನ ಮನೆಗೆ ಬಂದಿದ್ದಳು. ಹೆಣ್ಣು ಮಗುವಾಯಿತು. ಪ್ಲೇಟಕ್ಕ ಮೂರು ದಿನ ರಜೆ ಹಾಕಿದರು. ಇಷ್ಟು ವರ್ಷದಲ್ಲಿ ಅದೇ ಮೊದಲು ಎಂದು ಲ್ಯಾಬೆಲ್ಲ ಮಾತಾಡಿಕೊಂಡಿತು.

ಮಗುವಿಗೆ ಎರಡು ವಾರ ತುಂಬುವ ಮೊದಲೇ ಪ್ಲೇಟಕ್ಕನಿಗೆ ಕೆಮ್ಮು ಹಿಡಿಯಿತು. ಜ್ವರವಿಲ್ಲ, ನೆಗಡಿಯಿಲ್ಲ, ಒಣ ಕೆಮ್ಮು. ಬಂದರೆ ಮೇಜು ಹಿಡಿದುಕೊಂಡು ಉಸಿರಿಗೆ ಒದ್ದಾಡುವಷ್ಟು. ಮೊದಲ ದಿನವೇ ಅವರು ಮನೆಯ ಹೊರಕೋಣೆಗೆ ಹಾಸಿಗೆ ಎಳೆದುಕೊಂಡರು. ಮಾಸ್ಕ್ ಕಟ್ಟಿಕೊಂಡು, ಒಳಕೋಣೆಯ ಹೊಸಿಲಾಚೆ ನಿಂತು ಮಗುವನ್ನು ನೋಡುತ್ತಿದ್ದರು. ಆರೈಕೆಗೆ ಪಕ್ಕದ ಮನೆಯವರನ್ನು ಗೊತ್ತು ಮಾಡಿದರು. ಹತ್ತು ದಿನವಾದರೂ ಕೆಮ್ಮು ಬಿಡಲಿಲ್ಲ.

“ಹೀಗೆ ಕೆಮ್ತಾ ಕೂರೋ ಬದಲು ನಿಮ್ಮದೂ ಒಂದು ಟೆಸ್ಟ್ ಮಾಡ್ಕೊಳ್ಳಿ,” ಎಂದರು ದೊಡ್ಡ ಡಾಕ್ಟರು. “ಔಷಧಿ ಈಗಲೇ ಶುರು ಮಾಡಿದ್ರೂ ಆಗುತ್ತೆ.”

“ಔಷಧಿ ತಗೊಂಡ್ರೆ ಪ್ಲೇಟಲ್ಲಿ ಏನೂ ಬೆಳೆಯಲ್ಲ ಸಾರ್. ಮೊದಲು ಪ್ಲೇಟು ಹೇಳಲಿ.”

ಕಡ್ಡಿ ತೆಗೆದವಳು ನಾನು. ಅಭ್ಯಾಸಬಲದಿಂದ ಎರಡು ತೆಗೆದೆ. ಒಂದನ್ನು ಅವರು ಕಪ್ಪು ಪ್ಲೇಟಿಗೆ ಸವರಿದರು. ಇನ್ನೊಂದನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಅದನ್ನ ಎಸಿ. ನಿನ್ನ ಮಿಷಿನ್ನಿನ ಕಿಟ್ ಬಂದಿರೋದು ಮಕ್ಕಳಿಗೆ. ನನ್ನಂಥ ಮುದುಕಿ ಮೂಗಿಗಲ್ಲ.”

ಮಾತು ಅಷ್ಟಕ್ಕೇ ನಿಂತಿದ್ದರೆ ನಾನು ಹಟ ಮಾಡಿಯಾದರೂ ಅದನ್ನು ಯಂತ್ರಕ್ಕೆ ಹಾಕುತ್ತಿದ್ದೆ. ಆದರೆ ಅದರ ಹಿಂದಿನ ಶುಕ್ರವಾರವಷ್ಟೇ, ದೊಡ್ಡ ಡಾಕ್ಟರ ಎದುರಿಗೆ, ಅವರು ನನ್ನನ್ನು ಆಡಿಕೊಂಡಿದ್ದರು. ಮಿಷಿನ್ ಜೊತೆ ಬಂದೋರು ಮಿಷಿನ್ ಜೊತೆ ಹೋಗ್ತಾರೆ ಎಂದಿದ್ದರು. ತಮಾಷೆಗೇ ಅಂದಿರಬೇಕು. ಗುತ್ತಿಗೆಯ ನೌಕರಿಯಲ್ಲಿದ್ದವಳಿಗೆ ಆ ಮಾತು ತಮಾಷೆಯಾಗಿ ಕೇಳಿಸಲಿಲ್ಲ. ನನಗೂ ಕೋಪ ಮೂಗಿನ ತುದಿಯಲ್ಲೇ. ಆ ವಾರವೆಲ್ಲ ಕೆಲಸಕ್ಕೆ ಬೇಕಾದಷ್ಟೇ ಮಾತು ಇಟ್ಟುಕೊಂಡಿದ್ದೆ. ಹಾಗಾಗಿ ಆಯಿತು ಎಂದೆ. ಎಸೆಯಲೂ ಇಲ್ಲ. ನಳಿಕೆಯ ಮೇಲೆ ‘ಅಕ್ಕ’ ಎಂದು ಬರೆದು ಫ್ರೀಜರಿನ ಮೂಲೆಗೆ ತಳ್ಳಿದೆ. ನಂಬರ್ ಕೊಡಲಿಲ್ಲ.

ಆಮೇಲಿನ ಏಳು ದಿನ ಅವರು ಆ ಪ್ಲೇಟನ್ನು ನೋಡಿದ ಹಾಗೆ ಬೇರೆ ಯಾವುದನ್ನೂ ನೋಡಿದ್ದು ನಾನು ಕಾಣೆ. ಕೆಮ್ಮು ಅಷ್ಟೊತ್ತಿಗೆ ಸ್ವಲ್ಪ ಇಳಿದಿತ್ತು. ಮನೆಯಲ್ಲಿ ಮಗು ನಗಲು ಕಲಿಯುತ್ತಿದೆ, ತಾನು ಹೊಸಿಲು ದಾಟುವ ಹಾಗಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಏಳನೆಯ ದಿನ ಬೆಳಿಗ್ಗೆ ದೀಪ ಓರೆ ಮಾಡಿ ನೋಡಿದರು. ತಿರುಗಿಸಿ ನೋಡಿದರು. ಪ್ಲೇಟು ಕಪ್ಪಗೆ, ಚೊಕ್ಕವಾಗಿ, ಖಾಲಿ ಇತ್ತು. ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಮುಂದೆ ‘ಬೆಳೆಯಲಿಲ್ಲ’ ಎಂದು ಬರೆದು ಸಹಿ ಹಾಕಿದರು.

“ಇವತ್ತು ಪಾಪೂನ ಎತ್ಕೋತೀನಿ,” ಎಂದರು. ಹದಿನೈದು ದಿನದಿಂದ ಗಂಟಾಗಿದ್ದ ಆ ಮುಖ ಬಿಚ್ಚಿಕೊಂಡಿತ್ತು.

ಅಕ್ಕ, ನೀವು ದೊಡ್ಡವರು. ಹತ್ತು ದಿನ ಕೆಮ್ಮಿದ ಮೇಲೆ ಕಡ್ಡಿ ತೆಗೆದದ್ದು. ಡಬ್ಬಿ ಮುಚ್ಚಳದ ಮೇಲೆ ನೀವೇ ಗೆರೆ ಎಳೆದು ತೋರಿಸಿದ್ದಿರಿ. ಇಷ್ಟೂ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಫ್ರೀಜರ್ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅವರ ಖುಷಿಗೆ ಕಲ್ಲು ಹಾಕಲು ಮನಸ್ಸಾಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಇಷ್ಟೆಲ್ಲ ಗೊತ್ತಿರುವವರಿಗೆ ನಾನೇನು ಹೇಳುವುದು ಎಂಬ ಸಿಟ್ಟು ಉಳಿದರ್ಧ. ಅವರು ಅಂದು ಅರ್ಧ ಗಂಟೆ ಮೊದಲೇ ಮನೆಗೆ ಹೊರಟರು.

ಒಂಬತ್ತು ದಿನ ಕಳೆದ ಮೇಲೆ, ಬುಧವಾರ, ಮಧ್ಯಾಹ್ನ ಊಟ ಮುಗಿಸಿ ಬರುವಾಗ ಕಾರಿಡಾರಿನ ಬೆಂಚಿನ ಮೇಲೆ ಆ ಹುಡುಗಿ ಕೂತಿರುವುದು ಕಂಡೆ. ಹೋಂವರ್ಕ್ ಮಾಡುತ್ತಿದ್ದ ಅದೇ ಬೆಂಚು. ಕೈಯಲ್ಲಿ ಮಗುವಿರಲಿಲ್ಲ, ಮಗುವನ್ನು ಸುತ್ತುವ ಬಟ್ಟೆ ಇತ್ತು.

“ಕೆಮ್ಮೇ ಇರಲಿಲ್ಲ ಅಕ್ಕ,” ಎಂದಳು ನನಗೆ. “ಹಾಲು ಕುಡೀತಾ ಕುಡೀತಾ ಉಸಿರು ನಿಲ್ಲಿಸಿಬಿಡ್ತು. ನೀಲಿಯಾಗಿಹೋಯ್ತು. ಬೆನ್ನು ತಟ್ಟಿದಮೇಲೆ ಉಸಿರಾಡ್ತು. ಆಮೇಲೆ ಮತ್ತೆ ಹಾಗೇ.”

ಎಳೆಗೂಸುಗಳಲ್ಲಿ ನಾಯಿಕೆಮ್ಮು ಕೆಮ್ಮುವುದಿಲ್ಲ, ಉಸಿರು ನಿಲ್ಲಿಸುತ್ತದೆ. ಅದನ್ನೂ ಕಲಿಸಿದ್ದು ಪ್ಲೇಟಕ್ಕನೇ.

ಕಡ್ಡಿಗಳು ಬಂದವು. ನಂಬರ್ ನೂರ ಅರವತ್ತಮೂರು, ವಯಸ್ಸು ಐದು ವಾರ. ಹೆಸರಿಲ್ಲದಿದ್ದರೂ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಅವರು ತಮ್ಮ ಪಾಲಿನ ಕಡ್ಡಿಯನ್ನು ಕಪ್ಪು ಪ್ಲೇಟಿಗೆ ಸವರಿ ಪೆಟ್ಟಿಗೆಯೊಳಗಿಟ್ಟರು. ನಾನು ನನ್ನದನ್ನು ಯಂತ್ರಕ್ಕೆ ಹಾಕಿದೆ. ಇಷ್ಟು ತಿಂಗಳು ಪರದೆಯತ್ತ ಬೆನ್ನು ಮಾಡಿ ಕೂರುತ್ತಿದ್ದವರು ಅಂದು ಕುರ್ಚಿ ಎಳೆದುಕೊಂಡು ನನ್ನ ಹಿಂದೆ ಕೂತರು. ನಿಯಮ ಮುರಿದಂತಾಯಿತು. ದೊಡ್ಡ ಡಾಕ್ಟರು ಬಂದು ನೋಡಿ, ಬಾಗಿಲು ಎಳೆದುಕೊಂಡು ಹೋದರು. ಗೆರೆ ಬೇಗನೆ ಎದ್ದಿತು. ರೋಗಾಣು ಹೆಚ್ಚಿದ್ದಷ್ಟೂ ಬೇಗ ಏಳುತ್ತದೆ.

“ಇದೆಯಾ?” ಕಣ್ಣೆದುರಿಗಿದ್ದರೂ ಕೇಳಿದರು.

“ಇದೆ ಅಕ್ಕ.”

ಔಷಧಿ ಮೊದಲೇ ಶುರುವಾಗಿತ್ತು. ವಾರ್ಡಿನವರು ಮಾಡುವುದನ್ನೆಲ್ಲ ಮಾಡಿದರು. ಗುರುವಾರ ಮಗುವಿಗೆ ಉಸಿರಾಟದ ಯಂತ್ರ ಹಾಕಿದರು. ಬೆಂಚಿನ ಮೇಲೆ ಹುಡುಗಿ, ಅವಳ ಗಂಡ, ನಡುವೆ ಪ್ಲೇಟಕ್ಕ. ಅಲ್ಲಿಯೇ ಅವಳು ಕೇಳಿದ್ದು ನನ್ನ ಕಿವಿಗೆ ಬಿತ್ತು.

“ದೊಡ್ಡಮ್ಮ, ನಿನ್ನ ಟೆಸ್ಟಲ್ಲಿ ಇಲ್ಲ ಅಂತ ಬಂದಿತ್ತಲ್ಲ?”

ಪ್ಲೇಟಕ್ಕ ಅವಳ ಮಡಿಲಲ್ಲಿದ್ದ ಮಗುವಿನ ಬಟ್ಟೆಯನ್ನು ಮಡಚಿದರು. “ಬೆಳೀಲಿಲ್ಲ ಅಂತ ಬಂದಿತ್ತು,” ಎಂದರು.

ಆ ಹುಡುಗಿಗೆ ಎರಡರ ವ್ಯತ್ಯಾಸ ಆಗ ಹೊಳೆಯಲಿಲ್ಲ. ಸದ್ಯ ಎಂಬಂತೆ ದೊಡ್ಡಮ್ಮನ ಭುಜಕ್ಕೆ ತಲೆ ಒರಗಿಸಿದಳು. ಶನಿವಾರ ಮಧ್ಯಾಹ್ನ ಮಗು ಹೋಯಿತು.

ಸೋಮವಾರ ಪ್ಲೇಟಕ್ಕ ಕೆಲಸಕ್ಕೆ ಬಂದರು. ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಕೋಟು ಹಾಕಿಕೊಂಡು, ಪೆಟ್ಟಿಗೆ ತೆರೆದು, ನೂರ ಅರವತ್ತಮೂರನ್ನು ತೆಗೆದು ದೀಪದ ಕೆಳಗೆ ವಾಲಿಸಿದರು. ನಾನು ಪಕ್ಕದಲ್ಲಿ ನಿಂತೆ. ಭೂತಗನ್ನಡಿ ಬೇಕಾಗಲೇ ಇಲ್ಲ. ಕಪ್ಪಿನ ಮೇಲೆ ತುಂಬ ಪಾದರಸದ ಹನಿ. ಅಷ್ಟು ದಟ್ಟವಾಗಿ, ಅಷ್ಟು ಅಂದವಾಗಿ ಬೆಳೆದ ಪ್ಲೇಟನ್ನು ನಾನು ಹಿಂದೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಬೇರೆ ದಿನವಾಗಿದ್ದರೆ ಲ್ಯಾಬಿನವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಪೆನ್ನು ತೆಗೆದುಕೊಂಡು ‘ಬೆಳೆದಿದೆ’ ಎಂದು ಬರೆದರು. ಆ ಪದದ ಮುಂದೆ ಪೆನ್ನು ಇಟ್ಟುಕೊಂಡೇ ಸ್ವಲ್ಪ ಹೊತ್ತು ಕೂತರು. ನನಗೆ ಲಾರಿ ಡ್ರೈವರನ ನೆನಪಾಯಿತು. ಅವರಿಗೂ ಆಗಿರಬೇಕು.

“ಅವತ್ತು ನನ್ನ ಇನ್ನೊಂದು ಕಡ್ಡಿ ಎಸೆದೆಯಾ?” ಎಂದು ಕೇಳಿದರು.

ಎಸೆದೆ ಎಂದುಬಿಡಬಹುದಿತ್ತು. ಆ ಒಂದು ಸುಳ್ಳಿನಿಂದ ಇಬ್ಬರ ಹೊಟ್ಟೆಯೂ ತಣ್ಣಗಾಗುತ್ತಿತ್ತು. ನಾನು ತಡವರಿಸಿದ್ದರಲ್ಲೇ ಅವರಿಗೆ ಉತ್ತರ ಸಿಕ್ಕಿತು.

“ಹಾಕು,” ಎಂದರು.

“ಬೇಡ ಅಕ್ಕ. ಎಲ್ಲಿಂದಾದ್ರೂ ಬಂದಿರಬಹುದು. ಪಕ್ಕದ ಮನೆಯವರು ಬಂದು ಹೋಗ್ತಿದ್ರು. ನೋಡೋಕೆ ಅಂತ ಎಷ್ಟೊಂದು ಜನ ಬಂದಿರ್ತಾರೆ. ಈಗ ತಿಳ್ಕೊಂಡು ಏನಾಗಬೇಕು?”

“ಎಲ್ಲಿಂದಾದ್ರೂ ಬಂದಿರಬಹುದು ಅನ್ನೋದು ಟೆಸ್ಟ್ ಅಲ್ಲ. ಹಾಕು.”

ಹಾಕಿದೆ. ಮಧ್ಯಾಹ್ನದವರೆಗೂ ಅವರು ಅದೇ ಕುರ್ಚಿಯಲ್ಲಿ ಕೂತಿದ್ದರು. ಟೀ ತಂದಿಟ್ಟೆ, ಮುಟ್ಟಲಿಲ್ಲ. ಗೆರೆ ನೆಲಕ್ಕೆ ಅಂಟಿಕೊಂಡೇ ಬಹಳ ದೂರ ಹೋಯಿತು. ನಾನು ಮನಸ್ಸಿನಲ್ಲೇ ಅದನ್ನು ಒತ್ತಿ ಹಿಡಿದಿದ್ದೆ. ಇನ್ನೇನು ಮುಗಿಯಿತು ಎನ್ನುವಾಗ ಏರಿತು. ನಿಧಾನವಾಗಿ ಏರಿತು, ಆದರೆ ಸ್ಪಷ್ಟವಾಗಿ. ಇನ್ನೊಮ್ಮೆ ಮಾಡುತ್ತೇನೆ ಎಂದೆ. ಮಾಡಿದೆ. ಮತ್ತೆ ಏರಿತು.

ಲ್ಯಾಬಿನ ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾಗಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಪ್ಲೇಟಕ್ಕ ಎರಡು ವಾರದ ಹಿಂದಿನ ಹಾಳೆ ತೆರೆದರು. ತಮ್ಮ ‘ಬೆಳೆಯಲಿಲ್ಲ’ದ ಮೇಲೆ ಗೆರೆ ಎಳೆಯಲಿಲ್ಲ, ಅದು ತಪ್ಪಾಗಿರಲಿಲ್ಲ. ಅದರ ಕೆಳಗೆ ‘ಇತ್ತು’ ಎಂದು ಬರೆದು, ಅಂದಿನ ತಾರೀಕು ಹಾಕಿ, ಸಹಿ ಮಾಡಿದರು. ಆಮೇಲೆ ಕೋಟು ಬಿಚ್ಚಿ ಮೊಳೆಗೆ ತಗುಲಿಸಿದರು.

“ಅವಳಿಗೆ ಹೇಳಿ ಬರ್ತೀನಿ,” ಎಂದರು.

“ಹೇಳಲೇಬೇಕಾ ಅಕ್ಕ?”

“ಬೇರೆಯೋರು ಹೇಳೋದಕ್ಕಿಂತ ನಾನೇ ಹೇಳೋದು ವಾಸಿ.”

ಮಾರನೆಯ ದಿನವೂ ಅವರು ಕೆಲಸಕ್ಕೆ ಬಂದರು. ಹುಡುಗಿ ರಾತ್ರಿಯೇ ಗಂಡನ ಜೊತೆ ಹೊರಟುಹೋಗಿದ್ದಳು. ಏನಂದಳು ಎಂದು ನಾನು ಕೇಳಲಿಲ್ಲ. ಅವರೇ, ಪ್ಲೇಟುಗಳ ಟ್ರೇ ಎಳೆದುಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು.

“ಒಂದೇ ಮಾತು ಕೇಳಿದಳು. ದೊಡ್ಡಮ್ಮ, ಬೆಳೀಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಅಂತ ಊರಿಗೆಲ್ಲ ಹೇಳ್ತಿದ್ದೆ. ಎತ್ಕೊಂಡಾಗ ನಿನಗೆ ಅದು ಗೊತ್ತಿರಲಿಲ್ವಾ ಅಂದಳು.”

“ನೀವೇನಂದ್ರಿ?”

“ಗೊತ್ತಿತ್ತು ಅಂದೆ.”

ಅವಳು ಮತ್ತೆ ಆ ಮನೆಗೆ ಬರಲಿಲ್ಲ. ಹೋಲಿಕೆ ಮುಗಿದು, ನಾಯಿಕೆಮ್ಮಿಗೆ ಯಂತ್ರವೇ ಸರಿ ಎಂದು ತೀರ್ಮಾನವಾಯಿತು. ನನ್ನ ನೌಕರಿ ಕಾಯಂ ಆಯಿತು. ಪ್ಲೇಟಕ್ಕ ಇನ್ನೆರಡು ವರ್ಷ ಇದ್ದು ನಿವೃತ್ತರಾದರು. ಆ ಎರಡು ವರ್ಷವೂ ನನ್ನ ಪಕ್ಕದ ಮೇಜಿನಲ್ಲೇ ಕೂತಿದ್ದರು, ಒಮ್ಮೆಯೂ ನನ್ನನ್ನು ಮಿಷಿನಮ್ಮ ಎಂದು ಕರೆಯಲಿಲ್ಲ. ಆ ಕಡ್ಡಿಯನ್ನು ಯಾಕೆ ಇಟ್ಟುಕೊಂಡಿದ್ದೆ, ಇಟ್ಟುಕೊಂಡವಳು ಯಾಕೆ ಹಾಕಲಿಲ್ಲ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಆ ದಿನ ಅವರು ಖುಷಿಯಿಂದ ಮನೆಗೆ ಹೊರಟಾಗ ನನಗೂ ಗೊತ್ತಿತ್ತು ಎಂಬುದನ್ನು ನಾನು ಇಂದಿಗೂ ಅವರಿಗೆ ಹೇಳಿಲ್ಲ.